ಇಪ್ಪತ್ತೇಳು ಬೇಡ ಎಂದವಳು

ನನ್ನ ತಮ್ಮನ ಮಗಳಿಗೆ ಒಂದು ಚೆಂದದ ಹೆಸರಿದೆ. ಅದು ವಿಶ್ವವಿದ್ಯಾಲಯದ ಹಾಜರಿ ಪುಸ್ತಕದಲ್ಲಿ ಸುಖವಾಗಿರಲಿ. ನಮ್ಮ ಬೀದಿಗೆ ಅವಳು ಮೊಳೆ. ಚಿಕ್ಕವಳಿದ್ದಾಗ ಅಷ್ಟು ತೆಳ್ಳಗಿದ್ದಳು, ಅಷ್ಟು ನೆಟ್ಟಗಿದ್ದಳು, ಎಷ್ಟು ಬೈದರೂ ಬಾಗುತ್ತಿರಲಿಲ್ಲ. ಎದುರಂಗಡಿಯ ಚಾಪೆ ವ್ಯಾಪಾರಿ ಇಟ್ಟ ಹೆಸರು ಅದು. ಮಗುವಿಗೆ ನಡೆಯಲು ಬರುವ ಮೊದಲೇ ತಾಯಿ ತೀರಿಕೊಂಡಳು. ನಾನು ಒಂದು ವರ್ಷ ಸಂಸಾರ ಮಾಡಿ, ಸಾಕಪ್ಪಾ ನಿಮ್ಮ ಸಹವಾಸ ಎಂದು ಗಂಡನ ಮನೆಗೆ ದೊಡ್ಡದೊಂದು ನಮಸ್ಕಾರ ಹಾಕಿ ಬಂದವಳು. ಹಾಗಾಗಿ ಮಗು ನನ್ನ ಸೊಂಟಕ್ಕೆ ಬಂತು. ಈಗ ಅವಳ ವಿಷಯ ನಾನೇ ಹೇಳಬೇಕಾಗಿದೆ, ಯಾಕೆಂದರೆ ಜನ ಒಂದಕ್ಕೆರಡು ಸೇರಿಸಿ ಹೇಳುತ್ತಿದ್ದಾರೆ, ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿದೆ.

ನಮ್ಮದು ಹಳೆಯ ಮರದ ಸಾಮಾನಿನ ಅಂಗಡಿ. ಕುರ್ಚಿ, ಮೇಜು, ಕಪಾಟು, ಕನ್ನಡಿ. ಒಬ್ಬರ ಮನೆಯಿಂದ ಹೊರಬಿದ್ದದ್ದನ್ನು ಇನ್ನೊಬ್ಬರ ಮನೆಗೆ ಸೇರಿಸುವುದು ನಮ್ಮ ಹೊಟ್ಟೆಪಾಡು. ತಮ್ಮ ಹಿಂದಿನ ಕೋಣೆಯಲ್ಲಿ ಅಂಟು ಕಾಯಿಸುತ್ತಾನೆ, ಉಜ್ಜುತ್ತಾನೆ, ಪಾಲಿಶ್ ಹಚ್ಚುತ್ತಾನೆ. ಗರಗಸದ ಸದ್ದಿಗೆ ಅವನ ಕಿವಿ ಮಂದವಾಗಿದೆ. ಬೇಡದ ಮಾತು ಅವನಿಗೆ ಕೇಳಿಸುವುದೇ ಇಲ್ಲ, ಪುಣ್ಯಾತ್ಮ. ಮುಂದೆ ಕೂತು ಮಾರುವವಳು ನಾನು. ಸಿಕ್ಕಿಕೊಳ್ಳುವ ಡ್ರಾಯರಿಗೆ ಮೇಣದಬತ್ತಿ ಉಜ್ಜಿ, ಗಿರಾಕಿಯ ಎದುರು ಒಂದೇ ಬೆರಳಲ್ಲಿ ಎಳೆದು ತೋರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ನಮ್ಮ ಬೀದಿಗೆ ಒಂದೇ ಶಾಸ್ತ್ರ. ಮೊದಲ ಬೆಲೆಗೆ ಯಾರೂ ಹೂಂ ಅನ್ನುವುದಿಲ್ಲ. ಕೊಳ್ಳುವವನು ಬೆಲೆ ಹೇಳುತ್ತಾನೆ, ನೀನು ಬೇಡ ಅನ್ನಬೇಕು. ಸಿಟ್ಟಿನಿಂದಲ್ಲ, ತಣ್ಣಗೆ. ಆಮೇಲೆ ಅಂಗೈಯನ್ನು ಸಾಮಾನಿನ ಮೇಲೆ ಊರಿ, ಕಣ್ಣು ಕೆಳಗೆ ಹಾಕಿ, ಸುಮ್ಮನೆ ನಿಲ್ಲಬೇಕು. ಮೊದಲು ಬಾಯಿ ತೆರೆದವನು ಸೋತ. ಮೊದಲ ಬೆಲೆಗೇ ಒಪ್ಪಿಬಿಟ್ಟರೆ ಕೊಂಡವನಿಗೂ ಸಮಾಧಾನವಿಲ್ಲ, ಒಳಗೆ ಹುಳು ಹಿಡಿದಿದೆಯೋ ಏನೋ ಎಂದು ಮನೆಗೆ ಹೋಗಿ ನಿದ್ದೆ ಬಿಡುತ್ತಾನೆ. ನಮ್ಮಲ್ಲಿ ಬೇಡ ಎಂದರೆ ಬೇಡ ಎಂದಲ್ಲ, ಮಾತು ಈಗ ಶುರುವಾಯಿತು ಎಂದರ್ಥ. ಮೊಳೆ ಇದನ್ನು ಅಕ್ಷರಕ್ಕಿಂತ ಮೊದಲು ಕಲಿತಳು. ಸ್ಟೂಲಿನ ಮೇಲೆ ನಿಂತು, ಪುಟ್ಟ ಕೈ ಮೇಜಿನ ಮೇಲೂರಿ ಅವಳು ಬೇಡ ಎಂದರೆ ದೊಡ್ಡ ದೊಡ್ಡ ಗಂಡಸರು ನಗುತ್ತಾ ಸೋಲುತ್ತಿದ್ದರು.

ಇಂಥ ಮನೆಯ ಹುಡುಗಿಗೆ ಇಟಾಲಿಯನ್ ಎಲ್ಲಿಂದ ಅಂಟಿತು ಎಂದು ಎಲ್ಲರೂ ಕೇಳುತ್ತಾರೆ. ಒಮ್ಮೆ ಒಂದು ದೊಡ್ಡ ಮನೆ ಖಾಲಿಯಾಗಿ, ಗ್ರಾಮಫೋನಿನ ಕಪಾಟೊಂದು ನಮ್ಮ ಅಂಗಡಿಗೆ ಬಂತು. ಜೊತೆಗೆ ಒಂದಷ್ಟು ಪ್ಲೇಟು. ಅದರಲ್ಲೊಬ್ಬ ಹೆಂಗಸು ಇಟಾಲಿಯನ್ನಿನಲ್ಲಿ ಹಾಡುತ್ತಿದ್ದಳು. ಮನೆಗೆ ಬೆಂಕಿ ಬಿದ್ದವಳ ಹಾಗೆ ಎಂದು ನನಗನ್ನಿಸಿತು. ಮೊಳೆ ಮಾತ್ರ ಪಾಲಿಶ್ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕಲ್ಲಿನ ಹಾಗೆ ಕೂತಿದ್ದಳು.

"ಅತ್ತೆ, ಇವಳು ನೋಡು, ನಾಚಿಕೇನೇ ಇಲ್ಲದೆ ಅಳ್ತಾಳೆ," ಎಂದಳು.

ನಮ್ಮ ಮನೆಯಲ್ಲಿ ಅಳುವುದಿದ್ದರೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ ಅಳುತ್ತೇವೆ. ಅವಳಿಗೆ ಅದು ಹೊಸದಾಗಿ ಕಂಡಿತೋ ಏನೋ. ಕಪಾಟು ಮಾರಿದೆವು, ಪ್ಲೇಟುಗಳನ್ನು ಅವಳು ಕೊಡಲಿಲ್ಲ. ಮುಂದೆ ಏನು ಓದುತ್ತೀಯ ಎಂದು ಅಪ್ಪ ಕೇಳಿದಾಗ ಇಟಾಲಿಯನ್ ಎಂದಳು. "ಅದಕ್ಕೂ ಕಾಲೇಜಿದ್ಯಾ?" ಎಂದ ನನ್ನ ತಮ್ಮ. ಇತ್ತು. ಬೇರೆ ಯಾವ ವಿಭಾಗದಲ್ಲೂ ಅವಳಿಗೆ ಸೀಟು ಸಿಗುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಸುಳ್ಳು ಯಾಕೆ.

ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ ಆ ವಿಭಾಗ. ಮೊದಲ ವರ್ಷ ಅವಳು ಕಲಿತದ್ದನ್ನೆಲ್ಲ ಮನೆಗೆ ಹೊತ್ತು ತಂದಳು. ಆ ಭಾಷೆಯ ದೇಶದಲ್ಲಿ ಜನ ಸಂಜೆಯಾದರೆ ಒಳ್ಳೆಯ ಬಟ್ಟೆ ಹಾಕಿಕೊಂಡು ಸುಮ್ಮನೆ ಬೀದಿ ಸುತ್ತುತ್ತಾರಂತೆ, ಏನೂ ಕೊಳ್ಳುವುದಿಲ್ಲವಂತೆ. "ಹಾಗಾದ್ರೆ ಅಂಗಡಿಯೋರು ಏನ್ ಮಾಡ್ತಾರೆ, ನೊಣ ಹೊಡೀತಾರಾ?" ಎಂದು ಚಾಪೆ ವ್ಯಾಪಾರಿ ಕೇಳಿದ. ಬಾಯಿಗಿಂತ ಹೆಚ್ಚು ಕೈಯಲ್ಲಿ ಮಾತಾಡುತ್ತಾರೆ ಎಂದು ಐದು ಬೆರಳು ಕೂಡಿಸಿ ಅವನ ಮೂಗಿನ ಮುಂದೆ ಆಡಿಸಿ ತೋರಿಸಿದಳು. ಎಷ್ಟು ನಕ್ಕಿದ್ದೇವೆ ಆ ವರ್ಷ! ಎರಡನೆಯ ವರ್ಷ ಮಾತು ಕಡಿಮೆಯಾಯಿತು. ಮನೆಗೆ ಬಂದರೆ ಮೊದಲು ಸೋಪು ಹಾಕಿ ಕೈ ಉಜ್ಜುವುದು, ಬಟ್ಟೆ ಮೂಸಿ ನೋಡುವುದು. "ಪಾಲಿಶ್ ವಾಸನೆ ಬರ್ತಿದ್ಯಾ ಅತ್ತೆ?" ಎಂದು ದಿನಾ ಬೆಳಿಗ್ಗೆ ಕೇಳುವುದು. ಬರುತ್ತಿತ್ತು. ಇಲ್ಲ ಅನ್ನುತ್ತಿದ್ದೆ.

ಒಂದು ದಿನ ಅಂಗಡಿಯಲ್ಲಿ ಅವಳು ದೊಡ್ಡ ಕಪಾಟಿನ ಹಿಡಿಗಳಿಗೆ ಹೊಳಪು ಕೊಡುತ್ತಿದ್ದಳು. ಗಾಜಿನಾಚೆ ಬೀದಿಯಲ್ಲಿ ಯಾರನ್ನೋ ಕಂಡವಳೇ ಪಾಲಿಶ್ ಬಟ್ಟೆಯ ಸಮೇತ ಆ ಕಪಾಟಿನೊಳಗೆ ನುಗ್ಗಿ ಬಾಗಿಲು ಎಳೆದುಕೊಂಡಳು. ಅಷ್ಟರಲ್ಲಿ ಒಬ್ಬ ಹುಡುಗಿ ಒಳಗೆ ಬಂದಳು. ನಯವಾದ ಮಾತು, ನಯವಾದ ಚಪ್ಪಲಿ. ಒಂದು ದುಂಡು ಕನ್ನಡಿ ಬೇಕಿತ್ತಂತೆ. ಮಾತಿಗೆ ಮಾತು ಬಂದು, ತಾನು ವಕೀಲರ ಮಗಳೆಂದೂ ವಿಶ್ವವಿದ್ಯಾಲಯದಲ್ಲಿ ಇಟಾಲಿಯನ್ ಓದುತ್ತಿದ್ದೇನೆಂದೂ ಹೇಳಿದಳು. ಆಗ ನನಗೆ ಎಲ್ಲ ತಿಳಿಯಿತು. ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು.

ಹುಡುಗಿ ಕನ್ನಡಿ ಬಿಟ್ಟು ಕಪಾಟಿನ ಹತ್ತಿರ ಬಂದಳು. "ಆಂಟಿ, ಇದು ತುಂಬಾ ಚೆನ್ನಾಗಿದೆ. ಒಳಗೆ ನೋಡ್ಬಹುದಾ?"

"ಬೇಡ ಮಗಳೇ," ಎಂದೆ. "ಒಳಗೆ ಹುಳು ಬಿದ್ದಿದೆ."

ಆ ಕನ್ನಡಿಯನ್ನು ಅವಳು ಕೇಳಿದ ಬೆಲೆಗೇ ಕೊಟ್ಟು ಸಾಗಹಾಕಿದೆ. ಕಪಾಟಿನ ಬಾಗಿಲು ತೆರೆದರೆ ಮೊಳೆ ಮಂಡಿ ಮಡಚಿ, ಪಾಲಿಶ್ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನನ್ನ ಸಿಟ್ಟು ನೆತ್ತಿಗೇರಿತು.

"ನಿಮ್ಮಪ್ಪ ಏನು ಮಾಡ್ತಾನೆ ಅಂತ ಹೇಳಿದ್ದೀಯ ಅವರಿಗೆ?"

"ಒಳಾಂಗಣ ವಿನ್ಯಾಸ," ಎಂದಳು, ನೆಲ ನೋಡುತ್ತಾ.

"ಆಹಾ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ನನ್ನ ವಿಷಯ ಏನು ಹೇಳಿದ್ದೀಯ?"

ಅವಳು ಪಾಲಿಶ್ ಬಟ್ಟೆ ಮಡಚತೊಡಗಿದಳು. ನಾನು ಬಿಡಲಿಲ್ಲ.

"ಹೇಳೇ, ನಾನು ಏನು?"

"ನಿನ್ನ ವಿಷಯ ಯಾರೂ ಕೇಳ್ಲಿಲ್ಲ ಅತ್ತೆ."

ಅವಳು ಒಂದು ಸುಳ್ಳು ಹೇಳಿದ್ದರೆ ಬೈದು ಮುಗಿಸುತ್ತಿದ್ದೆ. ನಿಜ ಹೇಳಿಬಿಟ್ಟಳು, ಏನು ಮಾಡಲಿ? ಆ ದಿನ ಬಚ್ಚಲಿನ ನಲ್ಲಿ ತಿರುಗಿಸಿದವಳು ನಾನು.

ಕೊನೆಯ ವರ್ಷ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ. ಆ ದೇಶದಲ್ಲೇ ಇದ್ದು ಓದಿ ಬಂದ ಮನುಷ್ಯ, ಪರೀಕ್ಷೆಯೂ ಅಲ್ಲಿಯ ರೀತಿಯಲ್ಲೇ ಆಗಲಿ ಎಂದರು. ಬರೆಯುವುದಿಲ್ಲ, ಮಾತಾಡುವುದು. ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ಮುಗಿದ ಕೂಡಲೇ ಮೇಷ್ಟ್ರು ಮೂವತ್ತಕ್ಕೆ ಇಷ್ಟು ಎಂದು ಅಂಕ ಹೇಳಿ, ಒಪ್ಪಿಗೆಯೇ ಎಂದು ಕೇಳುತ್ತಾರೆ. ಒಪ್ಪಿದರೆ ಆಯಿತು. ಬೇಡ ಎಂದರೆ ಆ ಅಂಕ ಹೊಡೆದುಹಾಕುತ್ತಾರೆ, ಮುಂದಿನ ಸಲ ಮತ್ತೆ ಬಂದು ಕೂರಬೇಕು. ಇದನ್ನು ಮೊಳೆ ನಮಗೆ ವಿವರಿಸಿದಾಗ ನನ್ನ ತಮ್ಮ, "ಪರವಾಗಿಲ್ಲ, ಮರ್ಯಾದಸ್ಥ ಜನ, ಕೇಳಿ ಕೊಡ್ತಾರೆ," ಎಂದ.

ಆ ಸಲದ ಪರೀಕ್ಷೆಯ ಮೇಲೆ ಇನ್ನೊಂದು ವಿಷಯ ನಿಂತಿತ್ತು. ಪ್ರತಿ ವರ್ಷ ವಿಭಾಗದಿಂದ ಒಬ್ಬರನ್ನು ಆ ದೇಶದ ವಿಶ್ವವಿದ್ಯಾಲಯವೊಂದು ಒಂದು ವರ್ಷ ಕರೆಸಿಕೊಳ್ಳುತ್ತದೆ. ಇರುವುದು, ತಿನ್ನುವುದು, ಓದುವುದು ಎಲ್ಲ ಅವರದೇ ಖರ್ಚು. ಹೋಗಬೇಕೆಂದರೆ ಆ ಸಲವೇ ಎಲ್ಲ ಪರೀಕ್ಷೆ ಮುಗಿಸಿರಬೇಕು. ಮೊಳೆಗೆ ಉಳಿದದ್ದು ಒಂದೇ ಒಂದು. ಹಿಂದಿನ ಬರಹದ ಪರೀಕ್ಷೆಗಳಲ್ಲಿ ಅವಳೇ ಮುಂದಿದ್ದಳು, ವಕೀಲರ ಮಗಳು ಎರಡನೆಯವಳು. ಇದರಲ್ಲಿ ಸುಮಾರಾಗಿ ಪಾಸಾದರೂ ಸೀಟು ಇವಳಿಗೇ. ಆ ಹಾಡುವ ಹೆಂಗಸಿನ ದೇಶ ನೋಡುತ್ತೇನೆ ಎಂದು ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಳೆಂದರೆ, ನಿದ್ದೆಯಲ್ಲೂ ಆ ಭಾಷೆಯನ್ನೇ ಗೊಣಗುತ್ತಿದ್ದಳು.

"ಅತ್ತೆ, ನೀನು ಬರಬೇಡ," ಎಂದಿದ್ದಳು. ಬರಬೇಡ ಎಂದರೆ ಇರುವವಳೇ ನಾನು? ವಕೀಲರ ಮಗಳ ಸರದಿ ಹಿಂದಿನ ದಿನವೇ ಮುಗಿದಿದೆ ಎಂದು ಮೊಳೆಯ ಬಾಯಿಂದಲೇ ತಿಳಿದುಕೊಂಡು, ಹೋಗಿ ಕಂಬದ ಮರೆಯ ಬೆಂಚಿನಲ್ಲಿ ಕೂತೆ. ಸುತ್ತ ಬೇರೆ ಮಕ್ಕಳ ತಂದೆತಾಯಿಗಳಿದ್ದರು. ಮಾತೆಲ್ಲ ಇಟಾಲಿಯನ್ನಿನಲ್ಲಿ, ನನಗೊಂದು ಅಕ್ಷರ ತಿಳಿಯದು. ಆದರೆ ಮೇಷ್ಟ್ರು ಒಂದು ದೊಡ್ಡ ಚಿತ್ರ ಎತ್ತಿ ಹಿಡಿದಾಗ ನನ್ನ ಕಣ್ಣು ಅರಳಿತು. ಮರದ ಪೆಟ್ಟಿಗೆ! ಮೇಲೆಲ್ಲ ಬಣ್ಣದ ಚಿತ್ರ ಬರೆದ ಹಳೆಯ ಪೆಟ್ಟಿಗೆ. ಅಲ್ಲಿ ಹಿಂದಿನ ಕಾಲದಲ್ಲಿ ಮದುವೆಯಾದ ಹೆಣ್ಣು ಗಂಡನ ಮನೆಗೆ ಬರುವಾಗ ಜೊತೆಗೆ ಬರುತ್ತಿದ್ದದ್ದಂತೆ. ಇದು ಆಮೇಲೆ ತಿಳಿದದ್ದು. ಗೆದ್ದೆವು ಅಂದುಕೊಂಡೆ. ಮರದ ವಿಷಯ ಕೇಳಿದರೆ ನಮ್ಮ ಮೊಳೆ ಬಿಡುತ್ತಾಳೆಯೇ?

ಬಿಟ್ಟಳು. ಮೇಷ್ಟ್ರು ಮುಚ್ಚಳದ ಕೀಲಿನ ಮೇಲೆ ಬೆರಳಿಟ್ಟು ಏನೋ ಕೇಳಿದರು, ಮೂಲೆಯ ಜೋಡಣೆಯ ಮೇಲೆ ಬೆರಳಿಟ್ಟು ಕೇಳಿದರು. ಇವಳು ಗೊತ್ತಿಲ್ಲವೆಂದು ತಲೆ ಆಡಿಸಿದಳು. ಇಂಥ ಕೀಲನ್ನು ಕೈಯಾರೆ ಬಿಚ್ಚಿ ಎಣ್ಣೆ ಹಾಕಿದವಳು! ಅದು ಗೊತ್ತಿದೆ ಎಂದರೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ ಎಂದು ಹೆದರಿದ್ದಳು. ಪುಸ್ತಕದಲ್ಲಿದ್ದದ್ದನ್ನು ಮಾತ್ರ ಸರಾಗವಾಗಿ ಹೇಳಿದಳು. ಮೇಷ್ಟ್ರಿಗೆ ಮೆಚ್ಚಿಗೆಯೇ ಆಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಹಿಂದೆ ಕೂತವರಿಗೂ ತಿಳಿಯಲಿ ಎಂದು ಅಂಕವನ್ನು ಮಾತ್ರ ನಮ್ಮ ಭಾಷೆಯಲ್ಲಿ ಹೇಳುವುದು ಅವರ ಪದ್ಧತಿ.

"ಇಪ್ಪತ್ತೇಳು. ತಗೋತೀರಾ?" ಎಂದರು.

"ಬೇಡ," ಎಂದಳು ಮೊಳೆ.

ತಣ್ಣಗೆ ಎಂದಳು. ಎಂದು, ಅಂಗೈ ಮೇಜಿನ ಮೇಲೆ ಊರಿ, ಕಣ್ಣು ಕೆಳಗೆ ಹಾಕಿ ನಿಂತಳು. ನನಗೆ ಮಾತ್ರ ಗೊತ್ತಾಯಿತು ಏನು ನಡೆಯುತ್ತಿದೆ ಎಂದು. ಅಯ್ಯೋ ಮುಂಡೇದೇ, ಇದು ಅಂಗಡಿಯಲ್ಲ ಕಣೇ!

"ಖಂಡಿತವಾ?" ಎಂದರು ಮೇಷ್ಟ್ರು.

ಆ ಮಾತು ನಮ್ಮ ಬೀದಿಯಲ್ಲಿ ಬಂದರೆ ಗಿರಾಕಿ ಸಡಿಲವಾಗುತ್ತಿದ್ದಾನೆ ಎಂದು ಲೆಕ್ಕ. ಆಗಲೇ ಬಾಯಿ ಬಿಗಿ ಹಿಡಿಯಬೇಕು. ಹಿಡಿದಳು. ನಾನು ಅರ್ಧ ಎದ್ದು ನಿಂತೆ, ಕೂಗಬೇಕೆಂದುಕೊಂಡೆ, ಮತ್ತೆ ಕೂತುಬಿಟ್ಟೆ. ಕೂಗಿದ್ದರೆ ಎಲ್ಲರೂ ತಿರುಗಿ ಯಾರಿವಳು ಎಂದು ನೋಡುತ್ತಿದ್ದರು. ಮೇಷ್ಟ್ರು ಪೆನ್ನು ತೆಗೆದು ಅಂಕವನ್ನು ಹೊಡೆದುಹಾಕಿದರು. ಗೌರವದಿಂದ ಸಣ್ಣಗೆ ತಲೆ ಬಾಗಿಸಿ, ಮುಂದಿನವರನ್ನು ಕರೆದರು. ಮೊಳೆ ಆಗ ತಲೆ ಎತ್ತಿದಳು, ಎರಡನೆಯ ಬೆಲೆ ಕೇಳಲು. ಆ ಮುಖವನ್ನು ನೆನೆಯಲು ಈಗಲೂ ನನ್ನಿಂದ ಆಗುವುದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಸ್ ಸ್ಟಾಪಿನಲ್ಲಿ ಅವಳನ್ನು ಹಿಡಿದೆ. ನಾನು ಯಾಕೆ ಬಂದೆ ಎಂದು ಕೂಡ ಅವಳು ಕೇಳಲಿಲ್ಲ.

"ಯಾಕೇ ಬೇಡ ಅಂದೆ?"

"ನಾನೆಲ್ಲಿ ಅಂದೆ ಅತ್ತೆ? ಬಾಯಿ ಅಂತು. ತಗೋತೀರಾ ಅಂದ್ರಲ್ಲ, ಅದೇ ಧ್ವನಿ, ಅಂಗಡಿಗೆ ಬಂದೋರ ಹಾಗೇ ಕೇಳಿಸ್ತು." ಬಸ್ಸು ಬರುವವರೆಗೂ ಮೇಜಿನ ಮೇಲೆ ಊರಿದ್ದ ಆ ಬಲಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಸ್ಟೂಲು ಹತ್ತಿಸಿ ನಿಲ್ಲಿಸಿ ನಾನೇ ಕಲಿಸಿದ್ದು.

ತಪ್ಪು ಇಲ್ಲಿಗೇ ನಿಂತಿದ್ದರೆ ಸರಿಹೋಗುತ್ತಿತ್ತೋ ಏನೋ. ಸೀಟಿಗೆ ಹೆಸರು ಕಳಿಸಲು ಇನ್ನೂ ಒಂದು ವಾರವಿತ್ತು. ಮರುದಿನ ಹೋಗಿ, ಸಾರ್, ಗಾಬರಿಯಲ್ಲಿ ಹೀಗಾಯಿತು ಎಂದಿದ್ದರೆ ಆ ಮನುಷ್ಯ ಕೇಳುತ್ತಿದ್ದರು. ಆದರೆ ಅಷ್ಟರಲ್ಲಿ ವಿಭಾಗದಲ್ಲೆಲ್ಲ ಸುದ್ದಿ ಹಬ್ಬಿತ್ತು. ಇಪ್ಪತ್ತೇಳನ್ನು ಬೇಡ ಎಂದಳಂತೆ! ಹೊರದೇಶದ ಸೀಟನ್ನೇ ಒದ್ದಳಂತೆ! ಮೂವತ್ತಕ್ಕೆ ಮೂವತ್ತು ಬಂದರೆ ಮಾತ್ರ ಮುಟ್ಟುತ್ತಾಳಂತೆ! ಅವಳ ಜೊತೆ ಓದುವ ದಂತವೈದ್ಯರ ಮಗನೊಬ್ಬ ಫೋನು ಮಾಡಿ, "ನಿನ್ನ ಸ್ವಾಭಿಮಾನಕ್ಕೆ ಸಲಾಂ," ಎಂದ. ಕಿರಿಯ ತರಗತಿಯ ಹುಡುಗಿಯರು ಮೆಟ್ಟಿಲಲ್ಲಿ ಅವಳಿಗೆ ದಾರಿ ಬಿಟ್ಟು ನಿಂತರಂತೆ. ಇದೆಲ್ಲ ಅವಳೇ ನನಗೆ ಹೇಳಿದಳು, ಅರ್ಧ ನಾಚಿಕೊಂಡು, ಅರ್ಧ ಹೆಮ್ಮೆಯಿಂದ. ಮೂರು ವರ್ಷ ತಲೆ ತಗ್ಗಿಸಿ ಓಡಾಡಿದ ಹುಡುಗಿಗೆ ಮೊದಲ ಸಲ ಗೌರವ ಸಿಕ್ಕಿತ್ತು. ಅದೂ ಯಾವುದಕ್ಕೆ? ಕೇಳಿದರೆ ನಗಬೇಕೋ ಅಳಬೇಕೋ.

"ಹೋಗಿ ನಿಜ ಹೇಳು," ಎಂದೆ.

"ಏನಂತ ಹೇಳ್ಲಿ? ನಾವು ಮುರುಕು ಕುರ್ಚಿ ಮಾರೋರು ಸಾರ್, ಚೌಕಾಸಿ ಮಾಡಿ ಮಾಡಿ ಅಭ್ಯಾಸ, ನಿಮ್ಮ ಹತ್ರಾನೂ ಮಾಡ್ಬಿಟ್ಟೆ ಅಂತಾನಾ? ನೆಲ ಬಿಟ್ಟು ಏಳೋಕಾಗ್ದಂಗೆ ನಗ್ತಾರೆ ಅತ್ತೆ."

"ನಗ್ಲಿ ಬಿಡೇ! ನಕ್ಕರೆ ಹಲ್ಲು ಕಾಣತ್ತೆ, ಅಷ್ಟೇ. ನೀನು ಅಲ್ಲಿಗೆ ಹೋಗ್ಬೇಕು ತಾನೆ?"

"ಹೋಗದಿದ್ರೆ ಹೋಗದೇ ಇರ್ತೀನಿ," ಎಂದಳು. "ಸೀಟು ಹೋಯ್ತು. ಇದೂ ಹೋಗ್ಬೇಕಾ?"

ತಮ್ಮ ಅಂಟಿನ ಪಾತ್ರೆಯಿಂದ ತಲೆ ಎತ್ತದೆ, "ಅವಳ ಮಾತು ಅವಳೇ ಆಡ್ಲಿ ಬಿಡಕ್ಕ," ಎಂದ. ಬೇಡದ ಹೊತ್ತಿನಲ್ಲಿ ಇವನಿಗೆ ಕಿವಿ ಕೇಳಿಸುತ್ತದೆ. ನಾನು ಕೆಲವು ದಿನ ಹಲ್ಲು ಕಚ್ಚಿ ಸುಮ್ಮನಿದ್ದೆ. ಆಮೇಲೆ ತಡೆಯಲಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನೋಡುತ್ತಾ ಕೂರುವುದು ನನ್ನ ಜಾಯಮಾನವಲ್ಲ. ಟರ್ಪೆಂಟೈನಿನಲ್ಲಿ ಕೈ ತೊಳೆದೆ; ಎಷ್ಟು ತೊಳೆದರೂ ಉಗುರಿನ ಸಂದಿಯ ಕಂದು ಹೋಗಲಿಲ್ಲ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಮೇಷ್ಟ್ರ ಕೋಣೆಗೆ ಹೋದೆ.

ಸಣ್ಣ ಕೋಣೆ, ಗೋಡೆ ತುಂಬ ಪುಸ್ತಕ. ಅವರು ಎದ್ದು ಕುರ್ಚಿ ತೋರಿಸಿದರು. ಕೈ ಕಾಣದ ಹಾಗೆ ಚೀಲದ ಕೆಳಗೆ ಇಟ್ಟುಕೊಂಡು ಕೂತೆ. ಅಂಗಡಿಯಲ್ಲಿ ಎಂಥೆಂಥವರನ್ನು ಮಾತಲ್ಲಿ ಸುತ್ತಿ ಕಟ್ಟಿದ ನನಗೆ ಅಲ್ಲಿ ನಾಲಿಗೆ ಹೊರಳಲಿಲ್ಲ.

"ಸಾರ್, ಹೊರದೇಶಕ್ಕೆ ಕಳಿಸೋ ಮಕ್ಕಳ ಹೆಸರು ಹೋಯ್ತಾ?"

"ಬೆಳಿಗ್ಗೇನೇ ಹೋಯ್ತಮ್ಮ. ಅಲ್ಲಿಂದ ಒಪ್ಪಿಗೇನೂ ಬಂತು. ಯಾಕೆ?"

"ತಿದ್ದೋಕೆ ಬರಲ್ವಾ?"

"ಇಲ್ಲ. ಮುಗೀತು ಅದು." ಆಮೇಲೆ ನನ್ನನ್ನು ಸರಿಯಾಗಿ ನೋಡಿ, "ನೀವು ಯಾರ ಕಡೆಯವರು?" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ಸದ್ದಾಯಿತು. ವಕೀಲರ ಮಗಳು ಚಾಕೊಲೇಟಿನ ಡಬ್ಬಿ ಹಿಡಿದು ಬಂದಳು. ಸೀಟು ಅವಳಿಗೆ ಸಿಕ್ಕಿತ್ತು. ಹಿಂದೆ ದಂತವೈದ್ಯರ ಮಗ. ಅವನ ಹಿಂದೆ ಮೊಳೆ. ಸೀಟು ಕಳೆದುಕೊಂಡವಳು ಸೀಟು ಪಡೆದವಳ ಸಂತೋಷಕ್ಕೆ ನಗುಮುಖ ಹೊತ್ತು ಬಂದಿದ್ದಳು. ನನ್ನನ್ನು ಕಂಡು ಆ ನಗು ಹಾಗೇ ಒಣಗಿತು.

"ಅರೆ, ಕನ್ನಡಿ ಅಂಗಡಿ ಆಂಟಿ!" ಎಂದಳು ವಕೀಲರ ಮಗಳು. "ಸಾರ್, ಇವರು ಹಳೇ ಸಾಮಾನಿನ ಬೀದಿಯವರು. ನೀವು ಇಲ್ಲಿ?"

ಎಲ್ಲರೂ ನನ್ನ ಉತ್ತರಕ್ಕೆ ಕಾದರು. ಮೊಳೆಯ ಕತ್ತು ಕೆಂಪಾಗಿತ್ತು. ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ನಾನು ಬಂದದ್ದು ನಿಜ ಹೇಳಲು. ಆದರೆ ಇನ್ನು ಯಾವ ಸುಖಕ್ಕೆ ಹೇಳಲಿ? ಸೀಟು ಹೋಗಿ ಆಗಿತ್ತು. ಉಳಿದದ್ದು ಅವಳಿಗೆ ಸಿಕ್ಕ ಆ ಸುಳ್ಳು ಮರ್ಯಾದೆ ಒಂದೇ, ಅದನ್ನೂ ನನ್ನ ಕೈಯಾರೆ ಕಿತ್ತುಕೊಳ್ಳಲೇ?

"ಹಳೇ ಬೆಂಚು, ಮುರುಕು ಮೇಜು ಏನಾದ್ರೂ ಇದ್ರೆ ತಗೊಂಡು ಹೋಗೋಣ ಅಂತ ಬಂದೆ ಸಾರ್," ಎಂದೆ. "ಹಾಗೇ ಮಕ್ಕಳ ವಿಷಯ ಕಿವಿಗೆ ಬಿದ್ದಿತ್ತು, ಕೇಳ್ದೆ ಅಷ್ಟೇ."

ಮೇಷ್ಟ್ರು ನಕ್ಕರು. ಉಗ್ರಾಣದ ತುಂಬ ಮುರಿದ ಬೆಂಚುಗಳಿವೆ, ಆಫೀಸಿನಲ್ಲಿ ಕೇಳಿ ನೋಡಿ ಎಂದರು. ನಾನು ಚೀಲ ಎತ್ತಿಕೊಂಡೆ. ದಂತವೈದ್ಯರ ಮಗ ಒಳ್ಳೆಯ ಹುಡುಗ, ಪಾಪ, ಬಾಯಿ ಸುಮ್ಮನಿರುವುದಿಲ್ಲ. ಮೊಳೆಯ ಭುಜ ಹಿಡಿದು ಮುಂದೆ ತಂದ.

"ಆಂಟಿ, ವಿಷಯ ಕಿವಿಗೆ ಬಿದ್ದಿದೆ ಅಂದ್ರಲ್ಲ, ಇಪ್ಪತ್ತೇಳನ್ನ ಬೇಡ ಅಂದ ಮಹಾತಾಯಿ ಇವಳೇ. ನೋಡ್ಕೊಳ್ಳಿ."

ನನ್ನ ಸೊಂಟದ ಮೇಲೆ ಬೆಳೆದ ಮಗುವನ್ನು ನನಗೆ ಪರಿಚಯ ಮಾಡಿಸಿದ. ಏನಾದರೂ ಹೇಳಲೇಬೇಕಿತ್ತು.

"ನಮಸ್ಕಾರ ಮೇಡಂ," ಎಂದೆ.

ಮೊಳೆಯ ತುಟಿ ಅಲುಗಿತು. "ನಮಸ್ಕಾರ," ಎಂದಳು, ಗಾಳಿಗೆ ಮಾತ್ರ ಕೇಳುವಷ್ಟು. ನನಗೆ ನೆಲ ಬಿರಿದು ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ದಿನ ಅವಳು ನಮ್ಮನ್ನು ಕಂಡು ನಾಚುತ್ತಾಳೆ ಎಂದು ಹರಿಹಾಯುತ್ತಿದ್ದೆ, ಈಗ ನೋಡಿದರೆ ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ನಾಚಿದವಳು ನಾನೇ. ಬಾಗಿಲು ದಾಟಿ ಓಣಿಯಲ್ಲಿ ಬೇಗ ಬೇಗ ಹೆಜ್ಜೆ ಹಾಕಿದೆ.

"ಅತ್ತೆ."

ತಿರುಗಲಿಲ್ಲ. ತಿರುಗಿದರೆ ಆಡಿದ ಸುಳ್ಳು ವ್ಯರ್ಥ.

"ಅತ್ತೆ, ನಿಲ್ಲು!"

ಓಣಿಯಲ್ಲಿದ್ದವರೆಲ್ಲ ನೋಡಿದರು. ಓಡಿಬಂದು ನನ್ನ ಕೈ ಹಿಡಿದಳು, ಉಗುರಿನಲ್ಲಿ ಕಂದು ಹತ್ತಿದ ಕೈ, ಮತ್ತೆ ಆ ಕೋಣೆಗೆ ಎಳೆದುಕೊಂಡು ಹೋದಳು. ನಾನು ಬೇಡ ಬೇಡ ಎನ್ನುತ್ತಲೇ ಇದ್ದೆ.

"ಇವರು ನಮ್ಮತ್ತೆ," ಎಂದಳು. "ನನ್ನನ್ನ ಸಾಕಿದೋರು. ಬೆಂಚಿಗೆ ಬಂದಿಲ್ಲ."

ಮೇಷ್ಟ್ರು ಅವಳಿಗೆ ಇಟಾಲಿಯನ್ನಿನಲ್ಲಿ ಏನೋ ಕೇಳಿದರು. ಅವಳೂ ಅದರಲ್ಲೇ ಶುರು ಮಾಡಿದಳು. ಮೊದಲು ತಡವರಿಸಿದಳು, ಆಮೇಲೆ ನಿಲ್ಲಲೇ ಇಲ್ಲ. ನನಗೆ ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಅವಳ ಬಲಗೈ ಎಲ್ಲ ಹೇಳುತ್ತಿತ್ತು. ಮರ ಉಜ್ಜಿತು, ಡ್ರಾಯರು ಎಳೆಯಿತು, ಕೊನೆಗೆ ಮೇಷ್ಟ್ರ ಮೇಜಿನ ಮೇಲೆ ಅಂಗೈ ಊರಿ ನಿಂತಿತು. ವಕೀಲರ ಮಗಳು ಬಾಯಿಗೆ ಕೈ ಇಟ್ಟುಕೊಂಡಳು. ದಂತವೈದ್ಯರ ಮಗನಿಗೆ ನಗು ತಡೆಯಲಾಗಲಿಲ್ಲ. ನಕ್ಕ, ಆಮೇಲೆ ತನ್ನ ಬೂಟು ನೋಡುತ್ತಾ ನಿಂತ. ಮೊಳೆಯ ಮುಖದ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನನ್ನ ಕೈ ಮಾತ್ರ ಅವಳ ಇನ್ನೊಂದು ಕೈಯಲ್ಲಿ ಹಾಗೇ ಇತ್ತು. ಮುಗಿದಾಗ ಮೇಷ್ಟ್ರು ನಮ್ಮ ಭಾಷೆಯಲ್ಲಿ, ನನಗೂ ತಿಳಿಯಲಿ ಎಂದು, "ಸೀಟು ವಾಪಸು ತರೋಕೆ ನನ್ನಿಂದ ಆಗಲ್ಲ," ಎಂದರು. ಅವಳು ಗೊತ್ತು ಎಂದು ತಲೆ ಆಡಿಸಿದಳು.

ಮೆಟ್ಟಿಲಿಳಿಯುವಾಗ ನನ್ನ ಸಿಟ್ಟು ಮರಳಿ ಬಂತು.

"ನಿನಗೇನು ಹುಚ್ಚೇನೇ? ಸೀಟು ಬೆಳಿಗ್ಗೆನೇ ಹೋಗಿದೆ ಅಂತ ಗೊತ್ತಿತ್ತಲ್ಲ? ಮತ್ತೆ ಯಾಕೆ ಹೇಳೋಕೆ ಹೋದೆ? ನಾಳೆಯಿಂದ ಇಡೀ ಕಾಲೇಜು ನಗತ್ತೆ. ನಾನು ಹೇಗೋ ಮುಚ್ಚಿಟ್ಟು ಬಂದಿದ್ದೆ. ಇದ್ದ ಮರ್ಯಾದೆನಾದ್ರೂ ಉಳೀತಿತ್ತು!"

ಅವಳು ಮೆಟ್ಟಿಲ ಮೇಲೆಯೇ ನಿಂತಳು. ಮುಖ ಎತ್ತಲಿಲ್ಲ.

"ನೀನು ನನಗೆ ಮೇಡಂ ಅಂದೆ, ಅತ್ತೆ," ಎಂದಳು.

ಇಬ್ಬರೂ ಕೆಳಗಿಳಿದು ಬಸ್ಸಿಗೆ ನಿಂತೆವು.